ಸ್ಟೆಪ್ನಿಯ ಜೊತೆಗೆ ಒಂದು ಹಲಗೆ ತುಂಡು

ಕನ್ನಡ ಸಂಘದ ಪತ್ರಿಕೆಗೆ ಕವಿತೆ ಕೊಡುವುದು ಬಿಟ್ಟು ಟಯರಿನ ವಿಷಯ ಬರೆದಿದ್ದಾನಲ್ಲ, ಇವನೆಂಥವನು ಎಂದು ನೀವು ನಗಬಹುದು. ಹೇಳಿ ಕೇಳಿ ನಾನು ಕಾಮರ್ಸಿನವನು, ಕವಿತೆ ನನ್ನಿಂದಾಗದು. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಸ್ಕೂಟರಿನಲ್ಲೋ ಮನೆಯವರ ಗಾಡಿಯಲ್ಲೋ ಓಡಾಡುವವರು. ದಾರಿಯಲ್ಲಿ ಪಂಕ್ಚರ್ ಆದರೆ ಕೈಯಲ್ಲಿ ಏನಿರಬೇಕು ಎಂದು ಕ್ಯಾಂಟೀನಿನಲ್ಲಿ ಕೇಳಿ ನೋಡಿದೆ. ಎರಡೇ ಉತ್ತರ ಬಂತು. ಒಂದು, "ಫೋನ್ ಇದ್ದರೆ ಸಾಕು ಮಾರಾಯ." ಇನ್ನೊಂದು, "ಒಳ್ಳೆಯ ಟೂಲ್ ಸೆಟ್ ತಗೊಂಡಿಟ್ಟರೆ ಆಯ್ತು." ಎರಡನ್ನೂ ನಾನು ಒಪ್ಪುವುದಿಲ್ಲ. ಈ ಸಾಮಾನನ್ನು ಅಂಗಡಿಯಲ್ಲಿ ನಿಂತು ಆರಿಸಲಿಕ್ಕೆ ಆಗುವುದಿಲ್ಲ. ಮನೆ ಮುಂದೆ ಒಂದು ಸಲ ಚಕ್ರ ಬಿಚ್ಚಿ ಹಾಕಿ, ಕೈ ಏನು ಕೇಳುತ್ತದೋ ಅದನ್ನು ಆರಿಸಬೇಕು. ನನ್ನ ವಾದ ಇಷ್ಟೇ.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಮಾವನದೊಂದು ಸಣ್ಣ ಟೆಂಪೊ ಇದೆ. ವಾಶಿಯ ಮಾರ್ಕೆಟಿನಿಂದ ತರಕಾರಿ, ತೆಂಗಿನಕಾಯಿ ತಂದು ವಿಕ್ರೋಳಿಯ ಹೋಟೆಲುಗಳಿಗೆ ಹಾಕುತ್ತಾರೆ. ಬೆಳಗ್ಗಿನ ಕ್ಲಾಸ್ ಇಲ್ಲದ ದಿನ ನಾನೂ ಜೊತೆಗೆ ಹೋಗುತ್ತೇನೆ. ಕಳೆದ ಜುಲೈಯ ಒಂದು ದಿನ, ಇನ್ನೂ ಕತ್ತಲೆ, ಧೋ ಎಂದು ಮಳೆ. ಐರೋಲಿ ಸೇತುವೆ ದಾಟಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಬಂದು, ಕಾಂಜೂರಿನ ಉಪ್ಪಿನ ಆಗರದ ಹತ್ತಿರ ಬರುವಾಗ ಹಿಂದಿನ ಎಡ ಚಕ್ರ ಕೂತುಬಿಟ್ಟಿತು. ಇನ್ನೊಂದು ಸ್ವಲ್ಪ ಹೋದರೆ ವಿಕ್ರೋಳಿಯ ಕನ್ನಮ್‌ವಾರ್ ನಗರ. ಆ 'ಸ್ವಲ್ಪ'ಕ್ಕೆ ನಮಗೆ ಎರಡು ಗಂಟೆ ಹಿಡಿಯಿತು.

ಮಾವ ಗಾಬರಿಯಾಗಲಿಲ್ಲ. ಸೀಟಿನ ಹಿಂದೆ 46 ತುಂಡುಗಳ ಹೊಸ ಟೂಲ್ ಸೆಟ್ ಇತ್ತು. ನೀಲಿ ಡಬ್ಬಿ, ಒಳಗೆ ಒಂದೊಂದು ತುಂಡಿಗೂ ಒಂದೊಂದು ಗುಂಡಿ, ನೋಡಲಿಕ್ಕೆ ಬೆಳ್ಳಿ ಅಂಗಡಿಯ ಹಾಗೆ. ತೆರೆದು ಒಂದೊಂದನ್ನೇ ನಟ್ಟಿಗೆ ಹಿಡಿದು ನೋಡಿದರು. ಅದರಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸಾಕೆಟ್ 14 ಮಿಲಿಮೀಟರಿನದು, ಚಕ್ರದ ನಟ್ಟು ಅದಕ್ಕಿಂತ ದೊಡ್ಡದು. "ಎಂತ ಮಾರಾಯ, ಇಷ್ಟು ಸಾಮಾನುಂಟು, ಒಂದೂ ಹಿಡಿಯುದಿಲ್ಲ!" ಎಂದರು. ಕೊನೆಗೆ ಗಾಡಿಯ ಜೊತೆಗೇ ಬಂದಿದ್ದ ಮೊಂಡು ಪಾನಾವನ್ನೂ ಜಾಕನ್ನೂ ಹುಡುಕಿ ತೆಗೆದೆವು. ರಸ್ತೆಯ ಬದಿಯ ನೆಲ ಮಳೆಗೆ ಹಿಟ್ಟಿನಂತಾಗಿತ್ತು. ಅದರ ಮೇಲೇ ಜಾಕಿಟ್ಟು ಗಾಡಿ ಎತ್ತಿದೆವು. ಮಾವ ಚಕ್ರದ ಒಳಗಡೆ ಕೈ ಹಾಕಿ ಮೊಳೆ ಎಲ್ಲಿ ಹೊಕ್ಕಿದೆ ಎಂದು ಸವರಿ ನೋಡಿ ಕೈ ಹೊರಗೆ ತೆಗೆದರು. ನಾನು ಪಾನಾ ಹಾಕಿ ಒಮ್ಮೆ ಜಗ್ಗಿದೆ. ನಟ್ಟು ಜಪ್ಪಯ್ಯ ಅನ್ನಲಿಲ್ಲ. ಗಾಡಿ ಮಾತ್ರ ಅಲುಗಿತು, ಜಾಕಿನ ಒಂದು ಬದಿ ಕೆಸರಿಗೆ ಇಳಿಯಿತು, ವಾಲಿತು, ತರಕಾರಿ ಭಾರದ ಸಮೇತ ಟೆಂಪೊ ಧೊಪ್ಪನೆ ಕೆಳಗೆ ಬಂತು.

ಮಾವ ತಮ್ಮ ಕೈಯನ್ನೇ ನೋಡುತ್ತ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಬ್ಬರೂ ಮಾತಾಡಲಿಲ್ಲ.

ಬಹಳ ಹೊತ್ತಾದ ಮೇಲೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿದ. ಹಿಂದಿಯಲ್ಲಿ ಎರಡು ಬೈದು ಕೆಲಸಕ್ಕಿಳಿದ. ಅವನು ತಂದದ್ದು ಏನು ಗೊತ್ತೇ? ಸುಮಾರು ಎರಡಡಿಯ ಒಂದು ಕಬ್ಬಿಣದ ಪೈಪು, ಒಂದು ದಪ್ಪ ಹಲಗೆ ತುಂಡು, ಎರಡು ಕಲ್ಲು. ಕಲ್ಲನ್ನು ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟ. ಚಕ್ರ ನೆಲದ ಮೇಲಿರುವಾಗಲೇ ಪಾನಾದ ಹಿಡಿಗೆ ಪೈಪು ತೊಡಿಸಿ ನಟ್ಟುಗಳನ್ನೆಲ್ಲ ಅರ್ಧ ಸುತ್ತು ಸಡಿಲ ಮಾಡಿದ. ಆಮೇಲೆ ಹಲಗೆ, ಅದರ ಮೇಲೆ ಜಾಕು. ಗಾಡಿ ಮೇಲೆದ್ದ ಕೂಡಲೇ ನಮ್ಮ ಸ್ಟೆಪ್ನಿಯನ್ನು ಚಾಸಿಯ ಅಡಿಗೆ ತಳ್ಳಿದ. ಜಾಕ್ ಜಾರಿದರೂ ಗಾಡಿ ಸ್ಟೆಪ್ನಿಯ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ. ನಾವು ಮಾಡಿದ್ದೆಲ್ಲ ತಿರುಗು ಮುರುಗು ಎಂದು ಆಗ ತಿಳಿಯಿತು.

ಪೈಪು ನೋಡಿ ನನಗೆ ನಾಚಿಕೆಯಾಯಿತು. ಕನ್ನಡ ಶಾಲೆಯಲ್ಲಿದ್ದಾಗ ಸರಳ ಯಂತ್ರಗಳ ಪಾಠದಲ್ಲಿ ಸನ್ನೆ, ಆನಿಕೆ, ಭಾರ, ಪ್ರಯತ್ನ ಎಂದು ಚಿತ್ರ ಬರೆದು ಮಾರ್ಕು ಪಡೆದವನು ನಾನು. ಒಂದಡಿಯ ಹಿಡಿ ಮೂರಡಿಯಾದರೆ ಅದೇ ತೋಳಿನ ಶಕ್ತಿಗೆ ಮೂರು ಪಟ್ಟು ತಿರುಚುವ ಬಲ. ಪಾಠ ಬಾಯಲ್ಲಿತ್ತು, ಪೈಪು ಗಾಡಿಯಲ್ಲಿರಲಿಲ್ಲ. ಈಗ ಟಯರ್ ಅಂಗಡಿಗಳಲ್ಲಿ ಹವಾದ ಗನ್ನಿನಿಂದ ನಟ್ಟು ಬಿಗಿಯುತ್ತಾರೆ. ಅದನ್ನು ಬರೀ ಕೈಯಲ್ಲಿ ಬಿಚ್ಚುತ್ತೇನೆ ಎನ್ನುವವನು ಮೊದಲು ಮನೆಯಲ್ಲಿ ಬಿಚ್ಚಿ ತೋರಿಸಲಿ. (ಒಂದು ಮಾತು: ಪೈಪು ಬಿಚ್ಚಲಿಕ್ಕೆ ಮಾತ್ರ. ಬಿಗಿಯುವಾಗಲೂ ಅದನ್ನೇ ಹಾಕಿ ಎಳೆದರೆ ಬೋಲ್ಟು ತುಂಡಾದೀತು.)

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಾಕಿದ ಸ್ಟೆಪ್ನಿಯಲ್ಲಿ ಅರ್ಧ ಹವಾ ಇರಲಿಲ್ಲ! ಎತ್ತಿನ ಗಾಡಿಯ ವೇಗದಲ್ಲಿ ತೆವಳಿಕೊಂಡು ಬಂದೆವು. ತರಕಾರಿ ಮುಟ್ಟುವಾಗ ಹೋಟೆಲುಗಳಲ್ಲಿ ಇಡ್ಲಿಯ ಮೊದಲ ಪಂಕ್ತಿ ಎದ್ದಾಗಿತ್ತು. ಒಬ್ಬ ಹೋಟೆಲಿನವರು ಮರುದಿನದಿಂದ ಬೇರೆಯವರ ಹತ್ತಿರ ತರಿಸಲು ಶುರು ಮಾಡಿದರು. ಅವರನ್ನು ದೂರಿ ಏನು ಪ್ರಯೋಜನ, ಗಿರಾಕಿಗೆ ಸಾಂಬಾರು ಬೇಕು.

ನಮ್ಮ ಕಾಸ್ಟಿಂಗ್ ಪಾಠದಲ್ಲಿ ಎಬಿಸಿ ಅನಾಲಿಸಿಸ್ ಎಂದೊಂದಿದೆ. ದಾಸ್ತಾನಿನಲ್ಲಿ ಹೆಚ್ಚು ಹಣ ತಿನ್ನುವ ಕೆಲವೇ ವಸ್ತುಗಳು 'ಎ', ಅವುಗಳ ಮೇಲೆ ಹೆಚ್ಚು ಕಣ್ಣಿಡಬೇಕು. ಪುಡಿ ಸಾಮಾನು 'ಸಿ', ಅದರ ಗೊಡವೆ ಅಷ್ಟು ಬೇಡ. ಗಾಡಿಯ ಸೀಟಿನ ಹಿಂದೆ ಈ ಲೆಕ್ಕ ಪೂರಾ ಉಲ್ಟಾ. ನೀಲಿ ಡಬ್ಬಿ ನಿರುಪಯೋಗಿ ಸ್ಟಾಕು. ಕಾಸಿಲ್ಲದ ಹಲಗೆ ತುಂಡಿಲ್ಲದೆ ಒಂದು ಗಿರಾಕಿ ಹೋಯಿತು, ಒಂದು ಕೈ ಹೋಗಬೇಕಿದ್ದದ್ದು ಉಳಿಯಿತು.

ಫೋನಿನ ಪಕ್ಷದವರು ಈಗ ಎದ್ದು ನಿಲ್ಲುತ್ತಾರೆ. ಫೋನ್ ಬೇಡ ಎಂದು ನಾನೆಲ್ಲಿ ಹೇಳಿದೆ? ಸೇತುವೆಯ ಮೇಲೆ, ಬದಿಗೆ ಜಾಗವಿಲ್ಲದ ಕಡೆ, ಲಾರಿಗಳು ಬೆನ್ನು ಸವರಿಕೊಂಡು ಹೋಗುವಲ್ಲಿ ಕೂತು ಚಕ್ರ ಬಿಚ್ಚುವವನು ಮೂರ್ಖ. ಟಯರ್ ಹಾಳಾದರೆ ಹಾಳಾಗಲಿ, ಮೆಲ್ಲಗೆ ಉರುಳಿಸಿಕೊಂಡು ಸರಿಯಾದ ಜಾಗಕ್ಕೆ ಹೋಗಬೇಕು, ಇಲ್ಲವೇ ಫೋನ್ ಮಾಡಬೇಕು. ಆದರೆ ಬೆಳಗಿನ ಜಾವ ಮಳೆಯಲ್ಲಿ ಮಾವ ಕೂಡ ಫೋನ್ ಮಾಡಿದ್ದರು. ಗುರುತಿನ ಪಂಕ್ಚರ್‌ವಾಲನ ಫೋನು ಸ್ವಿಚ್ ಆಫ್. ಅವನಿಗೂ ನಿದ್ದೆ ಬೇಡವೇ?

ಸ್ಕೂಟರಿನವರ ಲೆಕ್ಕ ಬೇರೆ. ಹಿಂದಿನ ಗೇರಿನ ಸ್ಕೂಟರುಗಳಿಗೆ ಸ್ಟೆಪ್ನಿ ಇರುತ್ತಿತ್ತು, ಒಂದು ಪಾನಾ ಸಾಕಾಗುತ್ತಿತ್ತು. (ಈಗಲೂ ಅಂಥದ್ದು ಮನೆಯಲ್ಲಿದ್ದರೆ ಜಾಗ್ರತೆ: ರಿಮ್ಮು ಎರಡು ಹೋಳು, ಹೋಳುಗಳನ್ನು ಜೋಡಿಸುವ ನಟ್ಟೇ ಬೇರೆ. ಹವಾ ಪೂರ್ತಿ ತೆಗೆಯದೆ ಅದನ್ನು ಬಿಚ್ಚಿದರೆ ರಿಮ್ಮು ಮುಖಕ್ಕೆ ಹಾರುತ್ತದೆ.) ಈಗಿನ ಗೇರಿಲ್ಲದ ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿಯೇ ಇಲ್ಲ. ಹೆಚ್ಚಿನವಕ್ಕೆ ಟ್ಯೂಬ್‌ಲೆಸ್ ಟಯರ್. ಅಂಥವರು ತೂತನ್ನು ಉಜ್ಜುವ ಅರದಂಥ ಕಡ್ಡಿ, ಕಣ್ಣಿರುವ ದಪ್ಪ ಸೂಜಿ, ಅಂಟಿನ ರಬ್ಬರ್ ಪಟ್ಟಿ, ಮೊಳೆ ಕೀಳಲು ಇಕ್ಕಳ, ಸಣ್ಣ ಪಂಪು ಇಟ್ಟುಕೊಂಡರೆ ಸಾಕು. ಇವೆಲ್ಲ ತಯಾರಾಗುವ ತನಕ ಮೊಳೆ ಕೀಳಬೇಡಿ, ಇರುವ ಹವಾವನ್ನು ಅದೇ ತಡೆದಿರುತ್ತದೆ. ಟಯರಿನ ಪಕ್ಕೆ ಸೀಳಿದ್ದರೆ ಈ ಪಟ್ಟಿಯಿಂದ ಏನೂ ಆಗದು, ತಳ್ಳಿಕೊಂಡು ಹೋಗುವುದೇ.

ಕಾರಿನವರೂ ಒಮ್ಮೆ ಡಿಕ್ಕಿ ತೆರೆದು ನೋಡಿದರೆ ಒಳ್ಳೆಯದು. ಟಯರ್ ರಿಪೇರಿ ಕಿಟ್ಟೂ ಹವಾ ತೋರಿಸುವ ವ್ಯವಸ್ಥೆಯೂ ಇರುವ ಟ್ಯೂಬ್‌ಲೆಸ್ ಟಯರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಅಂದಮೇಲೆ ಇದೆ ಎಂದುಕೊಂಡ ಸ್ಟೆಪ್ನಿ ಇಲ್ಲದಿರಲೂಬಹುದು. ಅಂದ ಹಾಗೆ ಈ ಹೆಸರು ಬಂದದ್ದು ಒಂದು ಬೀದಿಯಿಂದ. 1904ರಲ್ಲಿ ವೇಲ್ಸಿನ ಲಾನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು ಈ ಹೆಚ್ಚುವರಿ ಚಕ್ರ ಮಾಡಿ ಮಾರಲು ತೊಡಗಿದರು. ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಆ ಬೀದಿ ಇಂದಿಗೂ ಇದೆ.

ನಾವು ಆಮೇಲೆ ಒಂದು ಭಾನುವಾರ ಚಾಳಿನ ಮುಂದೆ ಚಕ್ರ ಬಿಚ್ಚಿ ಹಾಕಿದೆವು, ಎರಡು ಸಲ. "ಬಿ.ಕಾಂ. ಓದಿ ಪಂಕ್ಚರ್ ಅಂಗಡಿ ಇಡ್ತೀಯಾ?" ಎಂದು ಪಕ್ಕದ ಮನೆಯವರು ಕೇಳಿದರು. ಇಟ್ಟರೆ ನಷ್ಟವೇನೂ ಕಾಣುವುದಿಲ್ಲ ಎಂದೆ. ಆ ದಿನ ಕೈ ಕೇಳಿದ್ದು ಇಷ್ಟು: ನಟ್ಟಿಗೆ ಸರಿಯಾಗಿ ಕೂರುವ ಪಾನಾ, ಪೈಪು, ಜಾಕು, ಹಲಗೆ, ಎರಡು ಮರದ ತುಂಡು, ಹಣೆಗೆ ಕಟ್ಟುವ ಟಾರ್ಚು, ಮೊಣಕಾಲಿಗೆ ಹಾಸಲು ಅಕ್ಕಿ ಗೋಣಿ, ಹವಾ ನೋಡುವ ಗೇಜು. ಗೇಜಿನ ಬಗ್ಗೆ ಮಾವನಿಗೂ ನನಗೂ ಇನ್ನೂ ಒಮ್ಮತವಿಲ್ಲ. ಅವರು ಈಗಲೂ ಟಯರಿಗೆ ಒದ್ದು ನೋಡುತ್ತಾರೆ.

ನೀಲಿ ಡಬ್ಬಿ ಮನೆಯಲ್ಲಿದೆ, ಮಿಕ್ಸಿ ರಿಪೇರಿಗೆ ಆಗುತ್ತದೆ. ಹಲಗೆಯನ್ನು ಮಾತ್ರ ಅತ್ತೆ ಎರಡು ಸಲ ತೆಂಗಿನಕಾಯಿ ಒಡೆಯಲಿಕ್ಕೆಂದು ಕೊಂಡುಹೋದರು. ಈಗ ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಜಾಕಿನದ್ದು' ಎಂದು ಬರೆದಿಟ್ಟಿದ್ದೇನೆ.