ಪೊಮ್ಯಾಟೊ ಆಚೆಗೂ ಪಾಠವಿದೆ

ದ್ವಿತೀಯ ಪಿಯು ಜೀವಶಾಸ್ತ್ರದ ಹಿಂದಿನ ಪಠ್ಯ ಓದಿದವರಿಗೆಲ್ಲ ಪೊಮ್ಯಾಟೊ ಗೊತ್ತು. ಟೊಮೆಟೊ ಮತ್ತು ಆಲೂಗಡ್ಡೆಯ ಕೋಶಗಳನ್ನು ಬೆಸೆದು 1978ರಲ್ಲಿ ಜರ್ಮನಿಯ ಮೆಲ್ಚರ್ಸ್ ತಂಡ ಪಡೆದ ಗಿಡ ಅದು. ಮೇಲೆ ಹಣ್ಣು, ಕೆಳಗೆ ಗೆಡ್ಡೆ ಎಂಬ ಆಸೆ ಕೈಗೂಡಲಿಲ್ಲ. ಆ ಪಠ್ಯದಲ್ಲಿ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾವೂ ಒಂದು ಅಂಕದ ಉತ್ತರ ಬರೆದು ಮರೆಯುತ್ತಿದ್ದೆವು. ನನ್ನ ತಕರಾರು ಇರುವುದು ಇಲ್ಲೇ.

ಕಿಣ್ವಗಳಿಂದ ಕೋಶಭಿತ್ತಿ ಕರಗಿಸಿ, ಪಾಲಿಎಥಿಲೀನ್ ಗ್ಲೈಕಾಲ್ ಬಳಸಿ ಎರಡು ಕೋಶಗಳನ್ನು ಒಂದಾಗಿಸಿ, ಅಂಗಾಂಶ ಕೃಷಿಯಲ್ಲಿ ಗಿಡ ಬೆಳೆಸುವುದೇ ಈ ವಿಧಾನ. ಪರಾಗಸ್ಪರ್ಶದಲ್ಲಿ ಕ್ಲೋರೋಪ್ಲಾಸ್ಟ್, ಮೈಟೊಕಾಂಡ್ರಿಯಾ ಸಾಮಾನ್ಯವಾಗಿ ತಾಯಿಗಿಡದಿಂದಷ್ಟೇ ಬರುತ್ತವೆ. ಇಲ್ಲಿ ಎರಡೂ ಗಿಡಗಳವು ಸೇರುತ್ತವೆ.

ಇದರ ಲಾಭ ಸಿಕ್ಕಿದ್ದು ಸಾಸಿವೆಯ ಬಂಧು ರೇಪ್‌ಸೀಡ್ ಬೆಳೆಗೆ. ಹೈಬ್ರಿಡ್ ಬೀಜ ತಯಾರಿಗೆ ಪರಾಗ ಬಿಡದ ತಾಯಿಗಿಡ ಬೇಕು. ಮೂಲಂಗಿಯ ಮೈಟೊಕಾಂಡ್ರಿಯಾದಲ್ಲಿದ್ದ ಆ ಗುಣವನ್ನು ಸಂಕರಣದಿಂದ ತಂದಾಗ ಅದರ ಕ್ಲೋರೋಪ್ಲಾಸ್ಟ್ ಕೂಡ ಬಂದು, ಚಳಿಗೆ ಎಲೆ ಹಳದಿಯಾಗುತ್ತಿತ್ತು. 1980ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕೋಶ ಸಮ್ಮಿಳನದ ಮೂಲಕ ರೇಪ್‌ಸೀಡ್‌ನದೇ ಕ್ಲೋರೋಪ್ಲಾಸ್ಟ್ ಇರುವ, ಆದರೂ ಪರಾಗ ಬಿಡದ ಹಸಿರು ಗಿಡಗಳನ್ನು ಪಡೆದರು.

ಪೊಮ್ಯಾಟೊ ಜೊತೆ ಈ ಗೆಲುವೂ ಪಠ್ಯಕ್ಕೆ ಸೇರಬೇಕು. ಪದವಿ ಕಾಲೇಜುಗಳಲ್ಲಿ ಎಲೆಯ ಕೋಶಭಿತ್ತಿ ಕರಗಿ ಕೋಶ ದುಂಡಗಾಗುವುದನ್ನು ಸೂಕ್ಷ್ಮದರ್ಶಕದಡಿ ತೋರಿಸಬೇಕು. ಬೀಜ ಕಂಪನಿಗಳಲ್ಲಿ, ಅಂಗಾಂಶ ಕೃಷಿ ಪ್ರಯೋಗಾಲಯಗಳಲ್ಲಿ ಕೆಲಸ ಹುಡುಕುವ ನಮ್ಮಂಥವರಿಗೆ ಗಿಡದ ಹೆಸರು ಗೊತ್ತಿದ್ದರೆ ಸಾಲದು. ಯಾವ ತೊಡಕಿಗೆ ಯಾವ ವಿಧಾನ ಎಂಬುದು ತಿಳಿದಿರಬೇಕು, ಕೈಯೂ ಪಳಗಿರಬೇಕು.