ಸಾಣೆಕಲ್ಲಿನ ಮೇಲೊಂದು ದೂರು

ಅಕ್ಕನ ಮಗಳು ಮೊನ್ನೆ ರಾತ್ರಿ ಫೋನ್ ಮಾಡಿ, "ಚಿಕ್ಕಮ್ಮಾ, ಅಬ್ರೇಸಿವ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಅವಳದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಈ ವರ್ಷದ ಅಪ್ರೈಸಲ್‌ನಲ್ಲಿ ಕೆಲಸವನ್ನೆಲ್ಲ ಮೆಚ್ಚಿ, ಕೊನೆಗೆ ಸ್ವಭಾವದ ಬಗ್ಗೆ ಈ ಒಂದು ಪದ ಬರೆದಿದ್ದರಂತೆ. ದೋಷ ಉಳಿದಿರುವಾಗ ಗ್ರಾಹಕರಿಗೆ ಕಳಿಸಬೇಡಿ ಎಂದು ಮೀಟಿಂಗಿನಲ್ಲಿ ಎರಡು ಸಲ ಹೇಳಿದ್ದಳು. "ಪಕ್ಕದ ಸೀಟಿನವನೂ ಅದನ್ನೇ ಹೇಳಿದ ಚಿಕ್ಕಮ್ಮಾ. ಅವನಿಗೆ ನಾಯಕತ್ವದ ಗುಣ ಇದೆ ಅಂತ ಬರೆದಿದ್ದಾರೆ."

ಥಟ್ಟನೆ "ಒರಟು" ಅಂದೆ. ಅಂದ ಮೇಲೆ ಅದು ಸಾಲದು ಅನ್ನಿಸಿತು. ಒರಟು ಎನ್ನುವುದು ಇರುವ ರೀತಿ. ಗೋಡೆ ಒರಟಾಗಿರುತ್ತದೆ, ದುಡಿದ ಅಂಗೈ ಒರಟಾಗಿರುತ್ತದೆ, ಅವುಗಳ ಪಾಡಿಗೆ ಅವು. ಅಬ್ರೇಸಿವ್‌ನೊಳಗೆ ಒಂದು ಕ್ರಿಯೆ ಇದೆ: ಇನ್ನೊಂದಕ್ಕೆ ಉಜ್ಜಿ ಅದನ್ನು ಸವೆಸುವುದು. ಕೆರೆದು ತೆಗೆ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ ಅದು. ರೇಜರ್, ಇರೇಸರ್ ಕೂಡ ಅದೇ ಬೇರಿನವು. ಮನುಷ್ಯರ ಮಾತಿಗೂ ನಡತೆಗೂ ಅದನ್ನು ಹಚ್ಚಿದ್ದು ಆಮೇಲೆ.

ವಸ್ತುಗಳ ಲೋಕದಲ್ಲಿ ಅದು ಮರ್ಯಾದೆಯ ಪದ. ಬಡಗಿ 80ನೇ ನಂಬರಿನ ಪಾಲಿಶ್ ಪೇಪರ್ ಹಿಡಿದು ಶುರುಮಾಡಿ 120, 220 ಎಂದು ಏರುತ್ತಾನೆ. ನಂಬರು ಏರಿದಂತೆ ಕಣ ಸಣ್ಣದಾಗುತ್ತದೆ. ಮೊದಲನೆಯದು ಉಬ್ಬುತಗ್ಗನ್ನು ತೆಗೆಯದಿದ್ದರೆ ಕೊನೆಯದರಿಂದ ಎಷ್ಟು ತಿಕ್ಕಿದರೂ ಮರ ನುಣುಪಾಗದು. ಉಜ್ಜುವ ಕಲ್ಲುಗಳಲ್ಲಿ ಹೆಸರಾದದ್ದು ಕೊರಂಡಮ್. ಮೋಸ್ ಗಡಸುತನದ ಮಾಪಕದಲ್ಲಿ ವಜ್ರಕ್ಕೆ 10, ಇದಕ್ಕೆ 9. ಹೆಸರು ತಮಿಳಿನ ಕುರುಂದಂ ಎಂಬುದರಿಂದ ಇಂಗ್ಲಿಷಿಗೆ ಹೋದದ್ದು. ಅದೇ ಖನಿಜ ತಿಳಿಯಾಗಿ, ಕೆಂಪಾಗಿ ಸಿಕ್ಕರೆ ಮಾಣಿಕ್ಯ, ನೀಲಿಯಾಗಿ ಸಿಕ್ಕರೆ ನೀಲಮಣಿ.

ಇನ್ನು ನಮ್ಮ ಸಾಣೆಕಲ್ಲು. ಕತ್ತಿ ಮಸೆಯುವುದೂ ಸಾಣೆ, ದೇವರ ಮನೆಯಲ್ಲಿ ಗಂಧ ತೇಯುವುದೂ ಸಾಣೆ. ಕಲ್ಲು ನುಣ್ಣಗೆ ಸವೆದುಹೋದರೆ ಗಂಧದ ಕೊರಡು ಅದರ ಮೇಲೆ ಜಾರುತ್ತದೆ, ಗಂಧ ಬರುವುದಿಲ್ಲ. ಬುದ್ಧಿಯನ್ನು ಸಾಣೆ ಹಿಡಿದ ಗುರುವನ್ನು ನಾವು ಹೊಗಳುತ್ತೇವೆ. ಕಲ್ಲು ತರಿತರಿಯಾಗಿದೆ ಎಂದು ಯಾರೂ ದೂರಿಲ್ಲ.

ಮನುಷ್ಯರಿಗೆ ಹಚ್ಚಿದಾಗ ಆ ಪದ ದೂರಾಗುತ್ತದೆ. ಯಾರ ಮೇಲಿನ ದೂರು ಎನ್ನುವುದನ್ನು ನೋಡಬೇಕು. ಅಮೆರಿಕದ ಕಿಯರನ್ ಸ್ನೈಡರ್ 2014ರಲ್ಲಿ ತಂತ್ರಜ್ಞಾನ ಕ್ಷೇತ್ರದ 28 ಕಂಪನಿಗಳ 180 ಜನರಿಂದ 248 ಅಪ್ರೈಸಲ್‌ಗಳನ್ನು ಸಂಗ್ರಹಿಸಿ ಓದಿದರು. ಅಬ್ರೇಸಿವ್ ಎಂಬ ಪದ ಅವುಗಳಲ್ಲಿ 17 ಸಲ, 13 ಜನರ ಬಗ್ಗೆ ಬಂದಿತ್ತು. ಹದಿಮೂರೂ ಜನ ಹೆಂಗಸರು. ಗಂಡಸರ ಅಪ್ರೈಸಲ್‌ಗಳಲ್ಲಿ ಅದು ಒಮ್ಮೆಯೂ ಇರಲಿಲ್ಲ.

ಆನ್ ಹಾಪ್ಕಿನ್ಸ್ ಅವರ ಕಥೆ ಇದಕ್ಕೂ ಹಳೆಯದು. 1982ರಲ್ಲಿ ಪ್ರೈಸ್ ವಾಟರ್‌ಹೌಸ್ ಎಂಬ ಅಕೌಂಟಿಂಗ್ ಸಂಸ್ಥೆಯಲ್ಲಿ ಪಾಲುದಾರಿಕೆಗೆ ಸೂಚಿಸಲಾದ 88 ಜನರಲ್ಲಿ ಆಕೆಯೊಬ್ಬರೇ ಹೆಂಗಸು. ಆಗಿದ್ದ 662 ಪಾಲುದಾರರಲ್ಲಿ ಹೆಂಗಸರು ಏಳೇ ಮಂದಿ. ದೊಡ್ಡ ಸರ್ಕಾರಿ ಗುತ್ತಿಗೆ ತಂದುಕೊಟ್ಟಿದ್ದ ಆಕೆಯ ಪಾಲುದಾರಿಕೆಯನ್ನು ತಡೆಹಿಡಿದರು. ಹೆಣ್ಣಿನಂತೆ ನಡೆಯಿರಿ, ಮಾತಾಡಿ, ಮೇಕಪ್ ಮಾಡಿಕೊಳ್ಳಿ, ಒಡವೆ ಹಾಕಿಕೊಳ್ಳಿ ಎಂಬ ಸಲಹೆಯೂ ಸಿಕ್ಕಿತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ 1989ರಲ್ಲಿ ತೀರ್ಪು ಬಂತು. ಆಕೆಯ ಬಿರುಸು ಕೈಕೆಳಗಿನವರನ್ನು ಅನೇಕ ಸಲ ಉಜ್ಜಿ ನೋಯಿಸಿತ್ತು ಎಂಬುದನ್ನು ನ್ಯಾಯಮೂರ್ತಿಗಳು ಮುಚ್ಚಿಡಲಿಲ್ಲ. ತೀರ್ಪಿನಲ್ಲಿ ಇದೇ ಅಬ್ರೇಸಿವ್ ಪದವೂ ಇದೆ. ಆದರೆ ಕೆಲಸವೇ ಬಿರುಸನ್ನು ಬೇಡುವಾಗ, ಹೆಣ್ಣು ಬಿರುಸಾಗಿರಬಾರದು ಎಂದು ಅಳೆಯುವುದು ತಾರತಮ್ಯ ಎಂದರು. ನನಗೆ ಆ ತೀರ್ಪಿನ ಮೇಲೆ ಗೌರವ ಬರುವುದು ಈ ಪ್ರಾಮಾಣಿಕತೆಗಾಗಿ. ಮಾತಿನಿಂದ ಜನರನ್ನು ಸವೆಸುವವರು ಇದ್ದೇ ಇದ್ದಾರೆ, ಹೆಂಗಸರಲ್ಲೂ ಇದ್ದಾರೆ. ಅಳತೆಗೋಲು ಮಾತ್ರ ಇಬ್ಬರಿಗೂ ಒಂದೇ ಇರಬೇಕು.

ಇಂಗ್ಲಿಷನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮ್ಮಲ್ಲಿ "ಒರಟ" ಸಿನಿಮಾದ ನಾಯಕನಾಗಬಲ್ಲ. ಒರಟಾದರೂ ಮನಸ್ಸು ಒಳ್ಳೆಯದು ಎಂಬ ಮಾತು ಅವನಿಗಾಗಿ ಸದಾ ಸಿದ್ಧವಿರುತ್ತದೆ. ದನಿ ಎತ್ತಿದ ಹೆಣ್ಣಿಗೆ ಬಜಾರಿ, ಗಯ್ಯಾಳಿ ಎನ್ನುತ್ತೇವೆ. ಗಂಡಸನ್ನು ಬಜಾರಿ ಎಂದವರನ್ನು ನಾನು ಕಂಡಿಲ್ಲ. ತೇಜಸ್ವಿಯವರು "ಕಿರಗೂರಿನ ಗಯ್ಯಾಳಿಗಳು" ಬರೆದು ಆ ಬೈಗುಳಕ್ಕೊಂದು ಘನತೆ ತಂದುಕೊಟ್ಟರು. ಅಲ್ಲಿ ಗಂಡಸರ ದಡ್ಡತನಕ್ಕೆ ಎದುರು ನಿಲ್ಲುವವರು ಆ ಹೆಂಗಸರೇ. ಆದರೂ ಬೀದಿಯಲ್ಲಿ ಆ ಪದ ಇಂದಿಗೂ ಬೈಗುಳವಾಗಿಯೇ ಉಳಿದಿದೆ.

ಹಾಪ್ಕಿನ್ಸ್ 1991ರಲ್ಲಿ ಕೋರ್ಟಿನ ಆದೇಶದಂತೆ ಅದೇ ಸಂಸ್ಥೆಗೆ ಪಾಲುದಾರರಾಗಿ ಮರಳಿದರು. ಅಕ್ಕನ ಮಗಳಿಗೆ ಕೋರ್ಟು ಬೇಕಿಲ್ಲ. ಯಾವ ದಿನ, ಯಾವ ಮಾತು, ಯಾರಿಗೆ ತಾಗಿತು ಎಂದು ಮ್ಯಾನೇಜರನ್ನು ವಿನಯದಿಂದಲೇ ಕೇಳು ಎಂದಿದ್ದೇನೆ. ಅಪ್ರೈಸಲ್ ಬರೆಯಲು ಕುಳಿತವರಲ್ಲಿ ನನ್ನ ಕೋರಿಕೆಯೂ ಅಷ್ಟೇ: ಆ ವಿಶೇಷಣ ಬಿಡಿ, ನಡೆದದ್ದನ್ನು ಬರೆಯಿರಿ. ಬರೆದ ಮೇಲೆ, ಅದೇ ಮಾತನ್ನು ಪಕ್ಕದ ಸೀಟಿನವನು ಆಡಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಒಮ್ಮೆ ನೋಡಿಕೊಳ್ಳಿ.