ದಾಳಿಂಬೆ ಸಸಿಗಳಿಗೆ ಡಿಎನ್‌ಎ ತಳಿ ಪರೀಕ್ಷೆ ಕಡ್ಡಾಯಗೊಳಿಸಲು ಮನವಿ

ಗೆ,
ನಿರ್ದೇಶಕರು, ತೋಟಗಾರಿಕೆ ಇಲಾಖೆ, ಲಾಲ್‌ಬಾಗ್, ಬೆಂಗಳೂರು

ಮಾನ್ಯರೇ,

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಇವೆ. ಶೇಂಗಾ ಕೈಕೊಟ್ಟ ಹೊಲಗಳಲ್ಲಿ ಕೊಳವೆಬಾವಿ ನೀರನ್ನು ಡ್ರಿಪ್‌ನಲ್ಲಿ ಹರಿಸಿ ನಾವು ದಾಳಿಂಬೆ ಬೆಳೆಯುತ್ತಿದ್ದೇವೆ. ಮಾರುಕಟ್ಟೆ ಕೇಳುವುದು ಭಗವಾ ತಳಿಯನ್ನು. ಆದರೆ ಸಸಿಯಾಗಿದ್ದಾಗ ಭಗವಾ, ಗಣೇಶ್, ಮೃದುಲಾ ಎಲ್ಲವೂ ರೈತನ ಕಣ್ಣಿಗೆ ಒಂದೇ. ಬೆರಕೆಯಾಗಿದೆ ಎಂದು ಗೊತ್ತಾಗುವುದು ಮೊದಲ ಬಹಾರ್‌ನ ಹಣ್ಣು ಬಿಡಿಸಿ ನೋಡಿದಾಗ. ಅಷ್ಟರಲ್ಲಿ ಎರಡು ವರ್ಷದ ನೀರು, ಗೊಬ್ಬರ, ಸಾಲದ ಬಡ್ಡಿ ಎಲ್ಲವೂ ಮಣ್ಣುಪಾಲು. ಸಸಿ ಮಾರಿದವರನ್ನು ಕೇಳಿದರೆ ‘ಅದು ನಮ್ಮ ಸಸಿಯಲ್ಲ’ ಎನ್ನುತ್ತಾರೆ.

ಅದಕ್ಕೆ ಉತ್ತರ ಎಳೆಯ ಎಲೆಯಲ್ಲೇ ಇದೆ. ಡಿಎನ್‌ಎಯಲ್ಲಿ ಕೆಲವು ಚಿಕ್ಕ ತುಣುಕುಗಳು ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಬರುತ್ತವೆ ಎಂಬುದು ತಳಿಯಿಂದ ತಳಿಗೆ ಬೇರೆ. ಇಂಥ ಹಲವು ಗುರುತುಗಳನ್ನು ಅಸಲಿ ತಾಯಿಗಿಡದ ಗುರುತಿನೊಂದಿಗೆ ತಾಳೆ ನೋಡಿದರೆ ತಳಿ ಪತ್ತೆಯಾಗುತ್ತದೆ. ಮಣ್ಣು, ಗೊಬ್ಬರ, ಗಿಡದ ವಯಸ್ಸು ಯಾವುದೂ ಅದನ್ನು ಬದಲಿಸದು. ಒಂದೇ ತಳಿಯ ಕೊಂಬೆ ಮಾರ್ಪಟ್ಟು ಹುಟ್ಟಿದ ಉಪತಳಿಗಳನ್ನು ಬೇರ್ಪಡಿಸುವುದು ಕಷ್ಟ, ದುಂಡಾಣು ಅಂಗಮಾರಿಯ ಸೋಂಕಿಗೆ ಬೇರೆಯೇ ಪರೀಕ್ಷೆ ಬೇಕು ಎಂಬುದನ್ನೂ ಬಲ್ಲೆವು.

ಆದ್ದರಿಂದ ಮಾರಾಟಕ್ಕೆ ಮುನ್ನ ಪ್ರತಿ ತಂಡದ ಸಸಿಗಳಿಂದ ಎಲೆ ಮಾದರಿ ತೆಗೆದು ಪರೀಕ್ಷಿಸಿ, ವರದಿಯನ್ನು ಬಿಲ್ಲಿನ ಜೊತೆ ರೈತರ ಕೈಗೆ ಕೊಡುವುದನ್ನು ನರ್ಸರಿಗಳಿಗೆ ಕಡ್ಡಾಯ ಮಾಡಬೇಕು. ಇದೇ ನಮ್ಮ ಮುಖ್ಯ ಬೇಡಿಕೆ. ಅಂಗಾಂಶ ಕೃಷಿ ಸಸಿಗಳಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರಮಾಣೀಕರಣ ವ್ಯವಸ್ಥೆ 2006ರಿಂದಲೇ ಇದೆ. ತಳಿಯ ಏಕರೂಪತೆಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಕಡಿಮೆ ಬೆಲೆಯ ಗೂಟಿ ಸಸಿ ಕೊಳ್ಳುವ ಸಣ್ಣ ರೈತನಿಗೂ ಅಂಥ ರಕ್ಷಣೆ ಸಿಗಬೇಡವೇ?

ಮಾದರಿಗಳನ್ನು ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಸ್ವೀಕರಿಸಲಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಆವರಣವಿದೆ. ಪರೀಕ್ಷೆಯನ್ನು ಅಲ್ಲೇ ನಡೆಸುವ ಬಗ್ಗೆ ಇಲಾಖೆ ಸಂಸ್ಥೆಯೊಡನೆ ಮಾತಾಡಬೇಕು. ನಮ್ಮ ನೆಲದಲ್ಲಿ ನಿಂತ ವಿಜ್ಞಾನ ನಮ್ಮ ತೋಟಕ್ಕೂ ಒದಗಲಿ. ತಾಯಿಗಿಡಗಳ ಗುರುತಿನ ದಾಖಲೆಗೆ ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ನೆರವು ಕೋರಬಹುದು.

ನೋಂದಾಯಿತ ತಳಿ ಹೇಳಿದ ಫಲ ಕೊಡದಿದ್ದರೆ ಪರಿಹಾರ ಕೇಳುವ ಹಕ್ಕನ್ನು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಕಲಂ 39(2) ನಮಗೆ ಕೊಟ್ಟಿದೆ. ಪುರಾವೆಯಿಲ್ಲದೆ ಅದು ಕಾಗದದಲ್ಲೇ ಉಳಿದಿದೆ. ಈಗಾಗಲೇ ಬೆರಕೆ ಸಸಿ ನೆಟ್ಟು ನೊಂದವರ ತೋಟಗಳ ಎಲೆಗಳನ್ನು ಇಲಾಖೆಯ ಖರ್ಚಿನಲ್ಲೇ ಪರೀಕ್ಷಿಸಿ, ಮುಂದಿನ ನಾಟಿಗೆ ಮುನ್ನ ವರದಿ ಕೊಡಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ದಾಳಿಂಬೆ ಬೆಳೆಗಾರರು